ಗುಡುಗಮ್ಮ ದೋಣಿ ಹತ್ತಿದ್ದು

“ನಿನ್ನ ಬಾಯಿಗೆ ಬೀಗ ಹಾಕ! ಹಕ್ಕಿ ಓಡಿಸೋಕೆ ಬಂದೂಕು ಯಾಕೆ ಬೇಕು? ನೀನು ದಡದಲ್ಲಿ ನಿಂತು ಆಕಳಿಸಿದ್ರೂ ಸಾಕು!”

“ನಾನು ಆಕಳಿಸಿದ್ದಲ್ಲ ರೀ! ಜಾಕೆಟ್ ಕಟ್ಟೋದು ಹೇಗೆ ಅಂತ ಹೇಳಿಕೊಡ್ತಿದ್ದೆ! ನಿಮ್ಮ ಹಾಗೆ ಕೈಸನ್ನೆ ಮಾಡ್ತಾ ನಿಂತಿದ್ರೆ ಜನ ಅದನ್ನ ಚಡ್ಡಿ ಅಂದ್ಕೊಂಡು ಕಾಲಿಗೆ ಹಾಕ್ಕೋತಾರೆ!”

“ಮೆತ್ತಗೆ! ಮೆತ್ತಗೆ ಮಾತಾಡು!”

“ಇದೇ ನನ್ನ ಮೆತ್ತಗಿನ ದನಿ!”

ಜಗಳ ನಡೆಯುತ್ತಿದ್ದದ್ದು ದೋಣಿಕಟ್ಟೆಯ ಶೆಡ್ಡಿನಲ್ಲಿ. ಗೋಡೆಯ ಮೊಳೆಗಳಿಗೆ ಕೇಸರಿ ಬಣ್ಣದ ತೇಲು ಜಾಕೆಟ್ಟುಗಳು ಸಾಲಾಗಿ ನೇತು ಬಿದ್ದಿದ್ದವು. ಅವುಗಳ ಒದ್ದೆ ವಾಸನೆ, ಸಮುದ್ರದ ಉಪ್ಪುಗಾಳಿ, ಕೆಸರಿನ ಗಬ್ಬು ಎಲ್ಲ ಸೇರಿ ಅಲ್ಲಿ ಒಂದು ಹದ ಬಂದಿತ್ತು. ಹೊಸಬರು ಮೂಗು ಮುಚ್ಚಿಕೊಂಡರೆ ಇವರಿಬ್ಬರಿಗೆ ಅದಿಲ್ಲದೆ ಉಸಿರೇ ಸರಾಗವಾಗಿ ಆಡುತ್ತಿರಲಿಲ್ಲ. ಹೊರಗೆ ನೀರು, ನೀರಿನಾಚೆ ಉಪ್ಪುಕೆಸರಲ್ಲೇ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ಹಸಿರು ಗೋಡೆ, ಅದರಾಚೆ ಹಕ್ಕಿಗಳ ರಾಜ್ಯ. ಸರ್ಕಾರ ಅದಕ್ಕೆ ಬೇಲಿ ಹಾಕಿ, ಬೋರ್ಡು ನೆಟ್ಟು, ಇಂಜಿನ್ ದೋಣಿ ಬಿಡಬಾರದು ಎಂದು ಕಾನೂನು ಮಾಡಿ ಬಹಳ ಕಾಲವಾಗಿತ್ತು. ಗಳ ಊರಿ ತಳ್ಳುವ ದೋಣಿ ಮಾತ್ರ ಒಳಗೆ ಹೋಗಬಹುದು. ಅಂಥ ದೋಣಿ ಇದ್ದದ್ದು ಒಂದೇ.

ಆ ದೋಣಿ ನಡೆಸುತ್ತಿದ್ದವನು ಗಂಡ. ಅವನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಿದ್ದರು. ಮೇಲಿನ ಜಗಳವನ್ನೂ ಅವನು ಆಡಿದ್ದು ಪಿಸುಮಾತಿನಲ್ಲೇ. ಕುತ್ತಿಗೆಯ ನರ ಉಬ್ಬಿ, ಕಣ್ಣು ಕೆಂಪಾಗಿ, ಮುಖ ಜಾಕೆಟ್ಟಿನ ಬಣ್ಣಕ್ಕೆ ತಿರುಗಿತ್ತು. ಬಾಯಿಂದ ಬರುತ್ತಿದ್ದದ್ದು ಮಾತ್ರ ಸೈಕಲ್ಲಿನ ಟ್ಯೂಬಿನಿಂದ ಗಾಳಿ ಹೋದಂಥ ಸದ್ದು. ಹೆಂಡತಿಯ ಹೆಸರು ಗುಡುಗಮ್ಮ. ಅದೂ ಇಟ್ಟ ಹೆಸರಲ್ಲ, ಬಿದ್ದ ಹೆಸರು. ಯಾಕೆ ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಟಿಕೆಟ್ ಕಿಂಡಿಯಲ್ಲಿ ಕೂತಿದ್ದ ನಾದಿನಿ ತಲೆ ಹೊರಗೆ ಹಾಕಿದಳು. “ಅಣ್ಣ, ಅತ್ತಿಗೆ, ಗಿರಾಕಿಗಳು ಕಾಯ್ತಿದಾರೆ. ಇನ್ನು ಸ್ವಲ್ಪ ಹೊತ್ತು ಹೀಗೇ ನಡೆದ್ರೆ ನಿಮ್ಮಿಬ್ಬರನ್ನ ನೋಡೋದಕ್ಕೂ ಟಿಕೆಟ್ ಕೇಳ್ತಾರೆ.”

“ನೀನು ಸುಮ್ನಿರು!” ಗಂಡ ಹೆಂಡತಿ ಒಟ್ಟಿಗೇ ಹೇಳಿದರು, ಒಬ್ಬ ಪಿಸುಗುಟ್ಟಿ, ಒಬ್ಬಳು ಗುಡುಗಿ. ಬೇರೆ ಯಾವುದರಲ್ಲಿ ಒಮ್ಮತ ಇಲ್ಲದಿದ್ದರೂ ನಾದಿನಿಯ ಬಾಯಿ ಮುಚ್ಚಿಸುವುದರಲ್ಲಿ ಅವರು ಒಂದೇ.

ವಿಷಯ ಇಷ್ಟೇ. ಈ ಸಲ ರಾಜಹಂಸಗಳು ಪ್ರತಿ ವರ್ಷಕ್ಕಿಂತ ಹೆಚ್ಚಾಗಿ ಬಂದಿದ್ದವು. ಗುಲಾಬಿ ರೆಕ್ಕೆ, ಕೋಲಿನಂಥ ಕಾಲು, ತಲೆಕೆಳಗಾಗಿ ಜೋಡಿಸಿದಂಥ ಕೊಕ್ಕು. ಹಿಂಡು ಹಿಂಡಾಗಿ ಬಂದು ಒಳಗಿನ ದೊಡ್ಡ ಹಿನ್ನೀರಲ್ಲಿ ಇಳಿದಿದ್ದವು. ದೂರದ ಊರುಗಳಿಂದ ಜನ ಬೆಳಗಾಗುವ ಮೊದಲೇ ಎದ್ದು ಬರುತ್ತಿದ್ದರು. ಆದರೆ ಮೌನಿಯ ದೋಣಿ ಕಾಂಡ್ಲಾದ ತಿರುವು ದಾಟುತ್ತಿದ್ದಂತೆ ಅಷ್ಟೂ ಹಕ್ಕಿ ಎದ್ದು, ಗುಲಾಬಿ ಮೋಡವಾಗಿ, ಸಮುದ್ರದ ಕಡೆ ಹೋಗಿಬಿಡುತ್ತಿದ್ದವು. ಜನ ಹಕ್ಕಿಗಳ ಹಿಂಭಾಗ ನೋಡಿಕೊಂಡು ಮನೆಗೆ ಹೋಗುತ್ತಿದ್ದರು.

ಮೌನಿಯ ಪ್ರಕಾರ ತಪ್ಪು ಹೆಂಡತಿಯ ಗಂಟಲಿನದು.

“ಹೋದ ವಾರ ಪೂರ್ತಿ ಟವೆಲ್ಲಿಂದ ಬಾಯಿ ಕಟ್ಟಿಕೊಂಡು ಕೂತಿದ್ದೆನಲ್ಲ, ಆಗ ನಿಂತ್ವಾ ನಿಮ್ಮ ಹಂಸ? ಇನ್ನೂ ಬೇಗ ಹಾರಿದ್ವು!”

“ನೀನು ಮನಸ್ಸಿನಲ್ಲೇ ಬೈತಿದ್ದೆ. ನಂಗೆ ಕೇಳಿಸ್ತಿತ್ತು.”

“ಹಕ್ಕಿಗೂ ಕೇಳಿಸ್ತಾ?”

“ವಾದ ಬೇಡ. ನಾಳೆ ನೀನು ನಿನ್ನ ತಮ್ಮನ ಮನೆಗೆ ಹೊರಡು. ಹಂಸ ವಾಪಸ್ ಹೋದ ಮೇಲೆ ಬಾ. ಜಾಕೆಟ್ ಕೊಡೋ ಕೆಲಸ ನನ್ನ ತಂಗಿ ನೋಡ್ಕೋತಾಳೆ.”

ಈ ಮಾತಿಗೆ ಗುಡುಗಮ್ಮ ಬೈಯಲಿಲ್ಲ. ಬೈಯದೆ ನಿಂತಳು ಎಂದರೆ ಒಳಗೆ ಏನು ಬೆಂದಿರಬೇಕು, ಲೆಕ್ಕ ಹಾಕಿ. ಯಾಕೆಂದರೆ ಆ ದೋಣಿ ಅವಳ ಅಪ್ಪನದು. ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ದೋಣಿಯ ಈ ತುದಿಯಿಂದ ಆ ತುದಿಗೆ “ಅಪ್ಪಾ, ಎಡಕ್ಕೆ! ಅಪ್ಪಾ, ದಿಬ್ಬ ಇದೆ!” ಎಂದು ಕೂಗಿ ಕೂಗಿಯೇ ಅವಳ ಗಂಟಲು ಹೀಗೆ ತಯಾರಾದದ್ದು. ಲಂಗ ಎತ್ತಿ ಕಟ್ಟಿ ಗಳ ಹಿಡಿದು ಅವಳು ಈ ಕಾಲುವೆಗಳನ್ನೆಲ್ಲ ಸುತ್ತಿದ್ದಳು. ಮದುವೆಯಾದ ಮೇಲೆ ಮೌನಿ ಅಳಿಯನಾಗಿ ಬಂದ. “ಇದು ರಕ್ಷಿತ ಪ್ರದೇಶ, ಇಲ್ಲಿ ಸದ್ದು ಮಾಡಬಾರದು” ಎಂದ. ಗಳ ಅವನ ಕೈಗೆ ಹೋಯಿತು, ಅವಳು ಶೆಡ್ಡಿಗೆ ಬಂದಳು. ಅಲ್ಲಿಂದ ಇಲ್ಲಿಯವರೆಗೆ ದಿನಾ ಬೆಳಿಗ್ಗೆ ದೋಣಿ ಹೊರಟಾಗ ಅವಳ ಅಂಗೈ ತುರಿಸುತ್ತಿತ್ತು. ಗಳ ಬೇಕು, ಅಷ್ಟೇ. ಬೇರೆ ಏನೂ ಬೇಡ. ಈಗ ದಡವೂ ಇಲ್ಲ ಅಂದರೆ?

“ನಮ್ಮಪ್ಪನ ದೋಣಿಯ ಪಕ್ಕದಲ್ಲಿ ನಿಲ್ಲೋಕೂ ನನಗೆ ಹಕ್ಕಿಲ್ವಾ?” ಎಂದಳು. ನಿಜವಾಗಿಯೂ ಮೆತ್ತಗೆ.

ಮೌನಿ ತಾನೂ ಒಂದು ಜಾಕೆಟ್ ತೊಟ್ಟು, ಗಳ ಎತ್ತಿಕೊಂಡು ಹೊರಗೆ ಹೋದ.

ಕಾಯುತ್ತಿದ್ದವರು ಒಂದೇ ಮನೆಯ ಜನ. ಒಬ್ಬ ಅಜ್ಜಿ, ಕಿವಿ ಮಂದ. ಅವರ ಮಗ, ಕತ್ತಿನಲ್ಲಿ ಫಿರಂಗಿಯಷ್ಟು ದೊಡ್ಡ ಕ್ಯಾಮೆರಾ ತೂಗುಹಾಕಿಕೊಂಡ ದಪ್ಪ ಮನುಷ್ಯ. ಅವನ ಮಗಳು ಮತ್ತು ಅಳಿಯ, ಹೊಸದಾಗಿ ಮದುವೆಯಾದವರು, ಒಬ್ಬರ ಕೈ ಒಬ್ಬರು ಬಿಡುತ್ತಿರಲಿಲ್ಲ. ಅದರಿಂದಾಗಿ ಜಾಕೆಟ್ ತೊಡಿಸುವುದೇ ಕಷ್ಟವಾಗಿತ್ತು. ಎಲ್ಲರೂ ದೋಣಿಯಲ್ಲಿ ಕೂತಾಗ ನೋಡಿದರೆ ಅಜ್ಜಿಯ ಜಾಕೆಟ್ಟಿನ ಪಟ್ಟಿ ಬಿಚ್ಚಿಕೊಂಡಿದೆ.

“ಅಯ್ಯೋ ಅಜ್ಜಿ, ಬಿದ್ರೆ ನೀವು ಮುಳುಗಿ ಜಾಕೆಟ್ ಮಾತ್ರ ತೇಲುತ್ತೆ!” ಎನ್ನುತ್ತ ಗುಡುಗಮ್ಮ ದೋಣಿಗೆ ಕಾಲಿಟ್ಟು ಬಗ್ಗಿ ಪಟ್ಟಿ ಬಿಗಿಯತೊಡಗಿದಳು. ಮೌನಿಗೆ ಜಗಳದಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. ದಡದ ಕಡೆ ಮುಖ ಮಾಡಿದರೆ ಹೆಂಡತಿ ಕಂಡಾಳೆಂದು ಬೆನ್ನು ತಿರುಗಿಸಿಯೇ ಗಳ ಊರಿದ. ಒಂದು ತಳ್ಳು, ಎರಡು ತಳ್ಳು. ಎಂಥ ಚಂದದ ತಳ್ಳು ಅಂತೀರಿ! ದೋಣಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ನಡುನೀರಿಗೆ ಬಂದ ಮೇಲೆ ನೆಮ್ಮದಿಯ ಉಸಿರು ಬಿಟ್ಟು ತಿರುಗಿ ನೋಡಿದ.

ಅಜ್ಜಿಯ ಪಕ್ಕದಲ್ಲಿ ಹೆಂಡತಿ ಕೂತಿದ್ದಳು.

ಅವನ ಮುಖ ನೋಡಿ ಹೊಸ ಮದುಮಗಳು ಕಿಸಕ್ಕನೆ ನಕ್ಕಳು. ವಾಪಸ್ ಹೋಗೋಣವೆಂದರೆ ನೀರು ಇಳಿಯತೊಡಗಿತ್ತು. ಇಳಿತ ಜೋರಾಗುವ ಮೊದಲು ಕಿರುಕಾಲುವೆ ದಾಟದಿದ್ದರೆ ದೋಣಿ ಕೆಸರಲ್ಲಿ ಕೂತುಬಿಡುತ್ತದೆ, ಆಮೇಲೆ ಮುಂದಿನ ಭರತದಲ್ಲಿ ನೀರು ಏರುವವರೆಗೆ ಸೊಳ್ಳೆಗಳಿಗೆ ಹಬ್ಬ. ಮೌನಿ ಹಲ್ಲು ಕಚ್ಚಿ, ತುಟಿಯ ಮೇಲೆ ಬೆರಳಿಟ್ಟು ಹೆಂಡತಿಯನ್ನು ದುರುಗುಟ್ಟಿ ನೋಡಿದ.

“ಏನು ಹಾಗೆ ನೋಡ್ತೀರಿ? ತಳ್ಳಿದ್ದು ನಾನಾ?”

“ಶ್!”

ಆಮೇಲೆ ಮೌನಿ ತನ್ನ ಪಾಠ ಶುರು ಮಾಡಿದ. ಅವನ ದೋಣಿಯಲ್ಲಿ ಮಾತಿಲ್ಲ, ಸನ್ನೆ. ಮೊಣಕೈ ಎತ್ತಿದರೆ ಮಿಂಚುಳ್ಳಿ. ಎರಡು ಬೆರಳು ಎತ್ತಿದರೆ ಬೆಳ್ಳಕ್ಕಿ. ತಲೆ ಮೇಲೆ ಅಂಗೈ ಇಟ್ಟರೆ ನೀರುಕಾಗೆ. ಮೂಗು ಉಜ್ಜಿದರೆ ಚಮಚಕೊಕ್ಕಿನ ಹಕ್ಕಿ. ಎಲ್ಲವನ್ನೂ ಒಂದು ಸಲ ತೋರಿಸಿ, ಇನ್ನು ಯಾರೂ ಕೆಮ್ಮಬಾರದು, ಸೀನಬಾರದು, ಕ್ಯಾಮೆರಾದ ಚೀಲದ ಜಿಪ್ ಎಳೆಯಬಾರದು ಎಂದು ಪಿಸುಗುಟ್ಟಿದ. ಅವನ ದೋಣಿಯಲ್ಲಿ ಜನ ಯಾವಾಗಲೂ ಸಾವಿನ ಮನೆಗೆ ಬಂದವರ ಹಾಗೆ ಕೂತಿರುತ್ತಿದ್ದರು.

ಆದರೆ ಕಾಂಡ್ಲಾದ ನೆರಳಿಗೆ ಹೋಗುತ್ತಿದ್ದಂತೆ ಸೊಳ್ಳೆ ಬಂದವು. ಹೊಸ ಅಳಿಯನ ಮೂಗಿನ ಮೇಲೊಂದು ಕೂತಿತು. ಪಾಪ, ಉಜ್ಜಿಕೊಂಡ.

“ಎಲ್ಲಿ? ಎಲ್ಲಿ?” ಮಾವ ಕ್ಯಾಮೆರಾ ತಿರುಗಿಸಿದ ರಭಸಕ್ಕೆ ದೋಣಿ ವಾಲಿತು. ಮಗಳು ಅತ್ತ ವಾಲಿದಳು. ಅಜ್ಜಿಗೆ ಏನೂ ತಿಳಿಯದಿದ್ದರೂ ಎಲ್ಲರೂ ವಾಲಿದರೆಂದು ತಾವೂ ವಾಲಿದರು.

“ಏನೂ ಇಲ್ಲ ಮಾವ, ಸೊಳ್ಳೆ.”

“ಸೊಳ್ಳೆಗೆ ಬೇರೆ ಸನ್ನೆ ಇಲ್ವಾ?”

ಗುಡುಗಮ್ಮ ತಡೆಯಲಾರದೆ ನಕ್ಕುಬಿಟ್ಟಳು. ಅವಳ ನಗು ಅವಳ ಮಾತಿಗಿಂತ ದೊಡ್ಡದು. ಕಾಲುವೆಯ ಎರಡೂ ದಡಕ್ಕೆ ಬಡಿದು ವಾಪಸ್ ಬಂತು.

“ನಗ್ತೀಯಾ! ನಿನ್ನಿಂದ ನನ್ನ ಮರ್ಯಾದೆ ನೀರುಪಾಲಾಯ್ತು!”

“ನಿಮ್ಮ ಮರ್ಯಾದೆಗೆ ಒಂದು ಜಾಕೆಟ್ ತೊಡಿಸಿ, ತೇಲುತ್ತೆ!”

ಅಷ್ಟು ಸಾಕಾಯಿತು. ಶೆಡ್ಡಿನಲ್ಲಿ ಅರ್ಧಕ್ಕೆ ನಿಂತಿದ್ದ ಜಗಳ ದೋಣಿಯಲ್ಲಿ ಮುಂದುವರಿಯಿತು. ಮೌನಿ ತಳ್ಳುತ್ತಾ ಪಿಸುಗುಟ್ಟಿದ, ಗುಡುಗಮ್ಮ ಕೂತಲ್ಲೇ ಗುಡುಗಿದಳು. ಮದುವೆಯ ದಿನ ಅವನು ಯಾರಿಗೂ ಹೇಳದೆ ಮೂಲೆಯಲ್ಲಿ ನಿದ್ದೆ ಹೋಗಿದ್ದು ಬಂತು. ಅವಳ ತಮ್ಮ ಎರವಲು ಒಯ್ದ ಏಣಿ ಬಂತು. ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆಯುವ ಅವನ ಚಾಳಿಯಂತೂ ಮತ್ತೆ ಮತ್ತೆ ಬಂತು. ಅಜ್ಜಿ ಕಣ್ಣರಳಿಸಿ ಕೂತಿದ್ದರು. ಎಷ್ಟೋ ವರ್ಷಗಳಾದ ಮೇಲೆ ಒಂದು ಸಂಸಾರದ ಜಗಳ ಅಕ್ಷರ ಅಕ್ಷರವಾಗಿ ಅವರ ಕಿವಿಗೆ ಬೀಳುತ್ತಿತ್ತು.

“ಈ ಹುಡುಗಿ ಎಷ್ಟು ಸ್ಪಷ್ಟವಾಗಿ ಮಾತಾಡ್ತಾಳೆ!” ಎಂದು ಮಗನ ತೊಡೆ ತಟ್ಟಿದರು. “ಆ ಗಂಡಸು ಏನು ಹೇಳ್ತಾನೋ ಒಂದೂ ಗೊತ್ತಾಗಲ್ಲ. ಆದ್ರೆ ತಪ್ಪು ಅವನದೇ.”

“ಅಮ್ಮ, ಸುಮ್ನಿರು.”

“ಯಾಕೆ ಸುಮ್ನಿರ್ಬೇಕು? ಟವೆಲ್ ಒಣಗಿಸೋಕೆ ಏನು ರೋಗ ಅವನಿಗೆ?”

ಹೀಗೆ ಬೈದುಕೊಳ್ಳುತ್ತ, ಬೈಸಿಕೊಳ್ಳುತ್ತ ಅವರು ತಿರುವು ದಾಟಿದ್ದೂ ಗೊತ್ತಾಗಲಿಲ್ಲ. ಕಾಂಡ್ಲಾ ಗಿಡಗಳು ಹಿಂದೆ ಸರಿದವು. ಬಿಸಿಲು ಒಮ್ಮೆಲೆ ಮುಖಕ್ಕೆ ಹೊಡೆಯಿತು. ಹಿನ್ನೀರು ತಟ್ಟೆಯ ಹಾಗೆ ಹರಡಿಕೊಂಡಿತ್ತು.

ಮೊದಲು ನೋಡಿದ್ದು ಮದುಮಗಳು. ಗಂಡನ ಕೈ ಬಿಟ್ಟಳು. ಆ ದಿನ ಮೊದಲ ಸಲ.

ರಾಜಹಂಸಗಳು ಅಲ್ಲೇ ಇದ್ದವು. ಎಡಕ್ಕೆ, ಬಲಕ್ಕೆ, ಎದುರಿಗೆ. ಗುಲಾಬಿ, ಬರೀ ಗುಲಾಬಿ. ಒಂಟಿಗಾಲಲ್ಲಿ ನಿಂತಿದ್ದವು, ಕೊಕ್ಕನ್ನು ಕೆಸರಲ್ಲಿ ತುರುಕಿ ಜಾಲಾಡುತ್ತಿದ್ದವು, ಕುತ್ತಿಗೆಗೆ ಕುತ್ತಿಗೆ ಹೊಸೆದುಕೊಂಡು ಕವಾಯತು ಮಾಡುತ್ತಿದ್ದವು. ದೋಣಿಗೆ ಎಷ್ಟು ಹತ್ತಿರವೆಂದರೆ ಅವುಗಳ ಕಾಲಿನ ಗಂಟು ಕಾಣುತ್ತಿತ್ತು. ಒಂದು ಹಕ್ಕಿ ತಲೆಯೆತ್ತಿ ಗುಡುಗಮ್ಮನನ್ನು ನೋಡಿತು, ಮನೆಯವರು ಬಂದರು ಅನ್ನುವ ಹಾಗೆ, ಮತ್ತೆ ತಿನ್ನತೊಡಗಿತು. ಇವಳು ಇನ್ನೂ ಏಣಿಯ ವಿಷಯದಲ್ಲೇ ಇದ್ದಳು.

“ನಮ್ಮ ತಮ್ಮ ಏಣಿ ವಾಪಸ್ ತಂದಾಗ ಅದು ನೆಟ್ಟಗಿತ್ತು, ಎರಡು ಮೆಟ್ಟಿಲು ಮುರಿದಿದ್ದು ನಿಮ್ಮ ಭಾರಕ್ಕೆ...”

“ಶ್ ಶ್ ಶ್!” ಮೌನಿಗೆ ಹಕ್ಕಿ ಕಂಡಿತು.

ಗುಡುಗಮ್ಮನಿಗೂ ಕಂಡಿತು. ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ದೋಣಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದರು. ಪೂರಾ ನಿಶ್ಶಬ್ದ. ಮೌನಿಯ ಮೆಚ್ಚಿನ ನಿಶ್ಶಬ್ದ.

ಒಂದು ಹಂಸ ಕುತ್ತಿಗೆ ನೆಟ್ಟಗೆ ಮಾಡಿತು. ಅದರ ಪಕ್ಕದ್ದೂ ಮಾಡಿತು. ಮರುಕ್ಷಣ ಹಿಂಡಿಗೆ ಹಿಂಡೇ ನೀರು ತುಳಿದು ಓಡಿ, ರೆಕ್ಕೆ ಬಡಿದು, ಒಳಗಿನ ಕೆಂಪು ಕರಿ ಬಣ್ಣ ತೋರಿಸುತ್ತ ಆಕಾಶಕ್ಕೆ ಏರಿತು.

“ನೋಡಿದ್ಯಾ! ನೋಡಿದ್ಯಾ! ನಿನ್ನ ಬಾಯಿಂದ...”

“ಸ್ವಾಮಿ, ಒಂದು ನಿಮಿಷ,” ಕ್ಯಾಮೆರಾದ ಮನುಷ್ಯ ಬೆವರು ಒರೆಸಿಕೊಂಡ. “ಅವರು ಬೈತಿದ್ದಾಗ ಹಕ್ಕಿ ಇದ್ವು. ನೀವು ಶ್ ಅಂದ ಮೇಲೆ ಹಾರಿದ್ವು.”

“ಹೌದು ರೀ,” ಎಂದಳು ಗುಡುಗಮ್ಮ. ಅವಳಿಗೇ ಈಗ ಹೊಳೆಯುತ್ತಿತ್ತು. ತೊಡೆ ಚಚ್ಚಿಕೊಂಡಳು. “ಅಯ್ಯೋ ನನ್ನ ಬುದ್ಧಿಗಿಷ್ಟು! ಹೋದ ವಾರ ಬಾಯಿ ಕಟ್ಟಿಕೊಂಡಿದ್ದಾಗಲೂ ಇದೇ ಆಗಿದ್ದು! ಈ ನೀರಿನ ಮೇಲೆ ನನ್ನ ದನಿ ಎಷ್ಟು ವರ್ಷದಿಂದ ಬಿದ್ದಿದೆ! ನಾನು ಅರಚ್ತಿದ್ರೆ ಎಲ್ಲ ಸರಿಯಾಗಿದೆ ಅಂತ ಅವಕ್ಕೆ. ಸದ್ದಿಲ್ಲದೆ ಹತ್ತಿರ ಬರೋದು ಯಾರು? ನರಿ! ಕಾಡುಬೆಕ್ಕು! ಕದ್ದು ಬೇಟೆ ಆಡೋನು! ಗಂಡನ್ನ ಬೈಕೊಂಡು ಬರೋ ದೋಣೀಲಿ ಯಾವ ಬೇಟೆಗಾರ ಇರ್ತಾನೆ ಹೇಳಿ!”

ಮೌನಿ ತಲೆಯಾಡಿಸಿದ. “ಹುಚ್ಚು ಮಾತು.”

“ಹುಚ್ಚೋ ಬೆಪ್ಪೋ, ನೋಡೇಬಿಡೋಣ!” ಎಂದ ಹೊಸ ಅಳಿಯ. “ಅಕ್ಕಾ, ಬೈರಿ!”

“ಬೈರಿ, ಬೈರಿ!” ಎಂದರು ಎಲ್ಲರೂ. ಆಕಾಶದಲ್ಲಿ ಗುಲಾಬಿ ಮೋಡ ಸುತ್ತು ಹಾಕುತ್ತಿತ್ತು.

ಗುಡುಗಮ್ಮ ಎದ್ದು ನಿಂತಳು. ಗಂಟಲು ಸರಿ ಮಾಡಿಕೊಂಡಳು. ಬಾಯಿ ತೆರೆದಳು. ಏನೂ ಬರಲಿಲ್ಲ. ನಗು ಬಂತು. ಸೊಂಟಕ್ಕೆ ಕೈ ಕೊಟ್ಟು ಹುಬ್ಬು ಗಂಟಿಕ್ಕಿದಳು, ಮತ್ತೆ ನಗು. ಎಂಥ ವಿಚಿತ್ರ ನೋಡಿ, ಬೇಡ ಬೇಡ ಅಂದಾಗ ಹೊಳೆಯಾಗಿ ಹರಿದ ಬೈಗುಳ ಬೇಕು ಅಂದಾಗ ಒಂದು ಹನಿಯೂ ಇಲ್ಲ. ಇಷ್ಟು ಖುಷಿಯಲ್ಲಿ ಯಾರನ್ನು ಬೈಯಲಾದೀತು?

“ಆಗ್ತಾ ಇಲ್ಲ ರೀ! ಸಿಟ್ಟೇ ಬರ್ತಿಲ್ಲ!”

“ಏಣಿ!” ಎಂದು ನೆನಪಿಸಿದ ಅಳಿಯ.

“ಏಣಿ ಮುಗೀತು.”

“ಟವೆಲ್! ಆ ಒದ್ದೆ ಟವೆಲ್!” ಅಜ್ಜಿ ಕೂಗಿದರು.

ಅದು ಕೆಲಸ ಮಾಡಿತು. ಒದ್ದೆ ಟವೆಲ್ ಎಂದ ಕೂಡಲೇ ಅವಳ ಬೆನ್ನು ತಣ್ಣಗಾಯಿತು. ಪ್ರತಿ ರಾತ್ರಿ ಅವಳು ಮಲಗುತ್ತಿದ್ದದ್ದು ಆ ಒದ್ದೆಯ ಮೇಲೆಯೇ. “ದಂಡೆಯಷ್ಟು ಉದ್ದದ ಹಗ್ಗ ಕಟ್ಟಿದೀನಿ ಅಂಗಳದಲ್ಲಿ! ಕಣ್ಣಿಗೆ ಕಾಣಲ್ವಾ? ಕೈಗೆ ಏನಾಗಿದೆ? ಹಾಸಿಗೆ ಏನು ನಿಮಗೆ ಗದ್ದೆಯಾ, ನೀರು ಕಟ್ಟೋಕೆ?” ಎಂದು ಆಕಾಶಕ್ಕೆ ಮುಖ ಮಾಡಿ ಶುರು ಮಾಡಿದಳು ನೋಡಿ, ಹಿನ್ನೀರಿನ ಆಚೆ ದಡದಿಂದ ಮಾತು ಮರಳಿ ಬಂತು. ಮೋಡ ಬಾಗಿತು. ಒಂದು ಹಂಸ ಕಾಲು ಮುಂದೆ ಚಾಚಿತು, ಓಡುತ್ತಲೇ ಇಳಿಯಿತು. ಹಿಂದೆ ಇನ್ನೊಂದು, ಹಿಂದೆ ಮತ್ತಷ್ಟು. ಅವಳು ಬೈದಂತೆಲ್ಲ ಹಕ್ಕಿಗಳು ಸುರಿದವು. ಕ್ಯಾಮೆರಾ ಚಟಚಟ ಸದ್ದು ಮಾಡಿತು. ಅಜ್ಜಿ ಕುಣಿಯುವ ಹಾಗೆ ಕೂತಲ್ಲೇ ಹಾರಿದರು. ಅಳಿಯ ಉತ್ಸಾಹ ತಡೆಯಲಾಗದೆ ತಾನೂ ಬೈಯೋಣವೆಂದು ಹೆಂಡತಿಯ ಕಡೆ ತಿರುಗಿದ. ಅವಳು ಹುಬ್ಬೇರಿಸಿದ್ದು ನೋಡಿ ಮಾವನನ್ನು ಬೈದ. ಮಾವ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ, ಅವನಿಗೆ ಜೀವಮಾನದ ಚಿತ್ರ ಸಿಗುತ್ತಿತ್ತು.

ಗುಡುಗಮ್ಮ ನಕ್ಕು, ಬೈದು, ಕಣ್ಣಲ್ಲಿ ನೀರು ಹರಿಸಿಕೊಂಡು, ಕೊನೆಗೆ ಗಂಡನ ಮುಂದೆ ಬಂದು ಕೈ ಚಾಚಿದಳು.

“ಗಳ ಕೊಡಿ.”

“ಯಾಕೆ?”

“ಯಾಕೆ ಅಂದ್ರೆ? ನಾನು ನಡೆಸ್ತೀನಿ. ನೀವು ಕೂತ್ಕೊಂಡು ಬೈಸ್ಕೊಳ್ಳಿ. ಒಳ್ಳೆ ಕೆಲಸ ಅದು, ನಿಮಗೆ ಅಭ್ಯಾಸವೂ ಇದೆ.”

ಎಲ್ಲರೂ ನಕ್ಕರು. ನಗಬಾರದಿತ್ತು. ಆದರೆ ಆ ಹೊತ್ತಿನಲ್ಲಿ ಯಾರಿಗೆ ತಡೆಯಲಾಗುತ್ತಿತ್ತು?

ಮೌನಿಯ ಮುಖದ ಬಣ್ಣ ಇಳಿಯಿತು. ಇಷ್ಟು ವರ್ಷ ಅವನು ಕೆಮ್ಮನ್ನು ನುಂಗಿದ್ದ, ಸೀನನ್ನು ತಡೆದಿದ್ದ, ಮನೆಯಲ್ಲೂ ಲೋಟ ಸದ್ದಾಗದಂತೆ ಇಟ್ಟಿದ್ದ. ಎಲ್ಲ ಈ ಹಕ್ಕಿಗಳಿಗಾಗಿ. ಅವುಗಳ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

“ಈ ದೋಣೀಲಿ ಒಬ್ಬರಿಗೇ ಜಾಗ,” ಎಂದ. “ಇಲ್ಲ ನಾನು, ಇಲ್ಲ ನೀನು.”

“ನನ್ನನ್ನ ತಮ್ಮನ ಮನೆಗೆ ಅಟ್ಟೋರು ನೀವು! ಹಾಗಾದ್ರೆ ಇಳೀರಿ!”

ಮಾತು ಬಾಯಿಂದ ಹಾರಿದ ಮೇಲೆ ಅವಳಿಗೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು. ಆದರೆ ವಾಪಸ್ ಎಳೆದುಕೊಳ್ಳುವ ಜಾಯಮಾನ ಅವಳದಲ್ಲ.

“ಸಾಕು!” ಎಂದು ಮೌನಿ ಅರಚಿದ.

ಹೌದು, ಅರಚಿದ. ಅವನಿಗೆ ಅಂಥ ದನಿ ಇದೆ ಎಂದು ಅವನ ಹೆಂಡತಿಗೇ ಗೊತ್ತಿರಲಿಲ್ಲ. ಹಿನ್ನೀರು ತುಂಬಾ “ಸಾಕು” ಉರುಳಿತು. ಅರಚಿದವನೇ ಗಾಬರಿಯಿಂದ ಹಕ್ಕಿಗಳ ಕಡೆ ನೋಡಿದ. ಹತ್ತಿರದ ಒಂದೆರಡು ತಲೆ ಎತ್ತಿದವು. ಆಮೇಲೆ ಮತ್ತೆ ಕೊಕ್ಕು ಕೆಸರಿಗಿಟ್ಟು ತಿನ್ನತೊಡಗಿದವು. ಒಂದೂ ಹಾರಲಿಲ್ಲ.

ಹಾರಿದ್ದರೆ ಅವನು ಉಳಿಯುತ್ತಿದ್ದನೇನೋ.

ಗಳವನ್ನು ದೋಣಿಯ ಅಂಚಿಗೆ ಒರಗಿಸಿಟ್ಟ. ಎಸೆಯಲಿಲ್ಲ, ಸದ್ದಾಗದಂತೆ ಇಟ್ಟ. ಪ್ಯಾಂಟು ಮಡಚಿದ. ಪಕ್ಕದಲ್ಲೇ ಮೊಳಕಾಲುದ್ದ ನೀರು, ಅದರಾಚೆ ಹಳೆಯ ಮಣ್ಣಿನ ಏರಿ. ದಡದವರೆಗೆ ನಡೆದು ಹೋಗಬಹುದಾದ ದಾರಿ. ಇಳಿದ.

“ಎಲ್ಲಿಗೆ ಹೊರಟ್ರಿ? ರೀ! ಕೆಸರಲ್ಲಿ ಚಪ್ಪಲಿ ಹೋಗುತ್ತೆ! ಬನ್ನಿ ವಾಪಸ್! ಬಿಸಿಲಲ್ಲಿ ಅಷ್ಟು ದೂರ ನಡೀತೀರಾ? ತಲೆಗೆ ಒಂದು ಬಟ್ಟೆಯಾದ್ರೂ ಹಾಕ್ಕೊಳ್ಳಿ!”

ಹಂಸಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಮೌನಿ ಏರಿ ಹತ್ತಿ ನಡೆಯತೊಡಗಿದ, ತನ್ನ ಹಳೆಯ ನಡಿಗೆಯಲ್ಲಿ, ಹೆಜ್ಜೆ ಸದ್ದಾಗದ ಹಾಗೆ. ಅವನು ಹೋದಂತೆಲ್ಲ ಏರಿಯ ಅಂಚಿನಲ್ಲಿದ್ದ ಬೆಳ್ಳಕ್ಕಿಗಳು ಬೆಚ್ಚಿಬಿದ್ದು ಎದ್ದವು.

“ಗುನುಗ್ಕೊಂಡಾದ್ರೂ ಹೋಗ್ರೀ!” ಎಂದು ಕೂಗಿದಳು.

ತಿರುಗಲಿಲ್ಲ.

ನೀರು ಇಳಿಯುತ್ತಿತ್ತು. ಇನ್ನು ನಿಂತರೆ ದೋಣಿ ಕೂತುಬಿಡುತ್ತದೆ. ಗುಡುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಳ ಎತ್ತಿದಳು. ಅದರ ತೂಕ ಅಂಗೈಗೆ ಬಿದ್ದ ಕೂಡಲೇ ಮೈಯೆಲ್ಲ ಝುಂ ಎಂದಿತು. ಊರಿದಳು, ತಳ್ಳಿದಳು. ಮೊದಲ ತಳ್ಳಿಗೆ ದೋಣಿ ವಕ್ರವಾಗಿ ಹೋಗಿ ಎಲ್ಲರನ್ನೂ ಒಬ್ಬರ ಮೇಲೊಬ್ಬರಂತೆ ಬೀಳಿಸಿತು. ಮದುಮಗಳು ಕಿರುಚಿದಳು, ಅಜ್ಜಿ ನಕ್ಕರು. ಎರಡನೆಯದಕ್ಕೆ ನೇರವಾಯಿತು. ಮೂರನೆಯದಕ್ಕೆ ಅವಳು ತನಗೇ ತಿಳಿಯದ ಹಾಗೆ “ಎಡಕ್ಕೆ! ದಿಬ್ಬ ಇದೆ!” ಎಂದು ಕೂಗಿಕೊಂಡು ಎಡಕ್ಕೆ ತಿರುಗಿಸಿದಳು. ಗುಲಾಬಿ ಹಿಂಡು ಎರಡಾಗಿ ಸರಿದು ದೋಣಿಗೆ ದಾರಿ ಬಿಟ್ಟಿತು.

ಅಜ್ಜಿ ಅವಳ ಸೀರೆಯ ನೆರಿಗೆ ಹಿಡಿದು ಜಗ್ಗಿದರು. “ಬರ್ತಾನೇನಮ್ಮ?”

ಗುಡುಗಮ್ಮ ಏರಿಯ ಕಡೆ ನೋಡಿದಳು. ಮೌನಿ ಕೇಸರಿ ಜಾಕೆಟ್ಟನ್ನು ಬಿಚ್ಚುವುದು ಮರೆತು ಹಾಗೇ ಹೋಗುತ್ತಿದ್ದ. ಬಿಸಿಲಲ್ಲಿ ಆ ಬಣ್ಣ ಇನ್ನೂ ಎದ್ದು ಕಾಣುತ್ತಿತ್ತು.

“ಬರೋನ ಥರ ನಡೀತಿಲ್ಲ ಅಜ್ಜಿ,” ಎಂದಳು. ಆಮೇಲೆ ಎದೆ ತುಂಬ ಗಾಳಿ ಎಳೆದುಕೊಂಡು, ಅಷ್ಟು ದೂರಕ್ಕೂ ಮುಟ್ಟುವ ಹಾಗೆ ಕೂಗಿದಳು. “ಟವೆಲ್ ಹಗ್ಗದ ಮೇಲೆ ಹಾಕ್ರೀ!”

ಕೇಸರಿ ಬಣ್ಣ ಒಂದು ಗಳಿಗೆ ನಿಂತ ಹಾಗಿತ್ತು. ಮತ್ತೆ ಸರಿಯಿತು, ಕಾಂಡ್ಲಾ ಗಿಡಗಳ ಹಿಂದೆ ಹೋಯಿತು, ಆಮೇಲೆ ಕಾಣಲಿಲ್ಲ.